ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಸಂಪರ್ಕ: ಒಂದು ಐತಿಹಾಸಿಕ ಸಮೀಕ್ಷೆ

ಗಣಕಯಂತ್ರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದರ ವೇಗದ ಚರಿತ್ರೆಯನ್ನೇ ಬರೆದಿದ್ದಾರೆ. ಆ ವೇಗಕ್ಕೆ ಬೇಕಾದ ವಿದ್ಯುತ್ತು ಯಾವ ತಂತಿಯಲ್ಲಿ, ಯಾವ ಕನೆಕ್ಟರಿನ ಮೂಲಕ ಹರಿದುಬಂದಿತೆಂಬುದರ ಕಡೆಗೆ ಅವರ ದೃಷ್ಟಿ ಹೋದುದು ಕಡಮೆ. ಹಳೆಯ ಗ್ರಾಫಿಕ್ಸ್ ಕಾರ್ಡನ್ನು ತೆಗೆದು ಹೊಸದನ್ನು ಕೂರಿಸುವವನಿಗಾದರೋ ಮೊದಲು ಎದುರಾಗುವ ಪ್ರಶ್ನೆಯೇ ಅದು. ಸುರಕ್ಷತೆಗಾಗಿ ಬಿಟ್ಟಿದ್ದ ಅಂತರವು ಈ ಸಂಪರ್ಕಗಳಲ್ಲಿ ಕ್ರಮೇಣ ಹೇಗೆ ಕರಗುತ್ತ ಬಂದಿತೆಂಬುದನ್ನು ನಾವು ಇಲ್ಲಿ ಪರಿಶೀಲಿಸಲೆಳಸಿದ್ದೇವೆ.

1992ರಲ್ಲಿ ರೂಪುಗೊಂಡ ಪಿ.ಸಿ.ಐ. ಸ್ಲಾಟಿನಲ್ಲಿ ಕಾರ್ಡೊಂದಕ್ಕೆ ವಿಧಿಸಿದ್ದ ಮಿತಿ 25 ವಾಟ್. ಅನಂತರ ಬಂದ ಎ.ಜಿ.ಪಿ. ಸ್ಲಾಟಿನ ಕಾಲದಲ್ಲಿಯೂ ಕಾರ್ಡುಗಳು ಮೊದಮೊದಲು ಮದರ್‌ಬೋರ್ಡು ಕೊಟ್ಟಷ್ಟರಲ್ಲಿಯೇ ತೃಪ್ತಿಪಟ್ಟುಕೊಂಡವು. 2000ದಲ್ಲಿ 3ಡಿಎಫ್ಎಕ್ಸ್ ಸಂಸ್ಥೆಯ ವೂಡೂ5 5500 ಕಾರ್ಡು ಈ ಕಟ್ಟನ್ನು ಮೀರಿ, ಹಾರ್ಡ್ ಡಿಸ್ಕಿಗೆಂದು ಮೀಸಲಾಗಿದ್ದ ನಾಲ್ಕು ಪಿನ್ನಿನ ಕನೆಕ್ಟರನ್ನು ತನ್ನ ಬೆನ್ನಿಗೆ ಸಿಕ್ಕಿಸಿಕೊಂಡಿತು. ಇದನ್ನು ಲೋಕವೆಲ್ಲ 'ಮೊಲೆಕ್ಸ್' ಎಂದೇ ಕರೆಯುತ್ತದೆ. ವಾಸ್ತವವಾಗಿ ಆ ವಿನ್ಯಾಸವು ಎ.ಎಂ.ಪಿ. ಎಂಬ ಬೇರೊಂದು ಸಂಸ್ಥೆಯದು. ರೂಢಿಯ ಮುಂದೆ ಸತ್ಯ ಸೋತುದಕ್ಕೆ ಇದೊಂದು ಸಣ್ಣ ನಿದರ್ಶನ. ಅದೇ ಸಂಸ್ಥೆಯ ವೂಡೂ5 6000ಕ್ಕೆ ಯಂತ್ರದ ಹೊರಗೆ ಪ್ರತ್ಯೇಕವಾದ ವಿದ್ಯುತ್ ಪೆಟ್ಟಿಗೆಯನ್ನೇ ಇಡಬೇಕೆಂದು ಯೋಚಿಸಲಾಗಿದ್ದಿತು. ಆದರೆ ಆ ಕಾರ್ಡು ಮಾರುಕಟ್ಟೆಯನ್ನು ಕಾಣಲೇ ಇಲ್ಲ. 2002ರ ರೇಡಿಯಾನ್ 9700 ಪ್ರೋ ಫ್ಲಾಪಿ ಡ್ರೈವಿನ ಪುಟ್ಟ ಕನೆಕ್ಟರನ್ನು ಎರವಲು ಪಡೆದರೆ, 2004ರ ಜೀಫೋರ್ಸ್ 6800 ಅಲ್ಟ್ರಾ ನಾಲ್ಕು ಪಿನ್ನಿನವನ್ನು ಎರಡೆರಡು ಬೇಡಿತು. ಅನ್ಯರಿಗಾಗಿ ಬಡಿಸಿದ ಎಲೆಯಲ್ಲಿ ಉಣ್ಣುವ ಈ ಸ್ಥಿತಿ ಬಹುಕಾಲ ನಿಲ್ಲುವಂತಿರಲಿಲ್ಲ.

ಪಿ.ಸಿ.ಐ. ಎಕ್ಸ್‌ಪ್ರೆಸ್ ನಿಯಮಾವಳಿ ಮೊದಲು ಪ್ರಕಟವಾದುದು 2002ರಲ್ಲಿ. ಸ್ಲಾಟಿನಿಂದ 75 ವಾಟ್, ಗ್ರಾಫಿಕ್ಸ್ ಕಾರ್ಡಿಗೆಂದೇ ನಿರ್ಮಿಸಿದ ಆರು ಪಿನ್ನಿನ ಕನೆಕ್ಟರಿನಿಂದ ಮತ್ತೆ 75 ವಾಟ್ ಎಂಬ ಲೆಕ್ಕ ನಿಂತಿತು. ಎಂಟು ಪಿನ್ನಿನ ಕನೆಕ್ಟರಿಗೆ 150 ವಾಟ್ ನಿಗದಿಯಾಯಿತು. ಇಲ್ಲಿ ವಿಚಾರಾರ್ಹವಾದ ಅಂಶವೊಂದುಂಟು. ಎಂಟು ಪಿನ್ನಿನದರಲ್ಲಿ 12 ವೋಲ್ಟಿನ ತಂತಿಗಳು ಮೂರೇ; ಆರು ಪಿನ್ನಿನದರಲ್ಲಿಯೂ ಬಹುಮಟ್ಟಿಗೆ ಅಷ್ಟೇ. ಹೆಚ್ಚಾಗಿ ಸೇರಿದ ಎರಡು ಪಿನ್ನುಗಳಲ್ಲಿ ಒಂದು ನೆಲದ ತಂತಿ, ಇನ್ನೊಂದು ಸೂಚನೆಯ ಪಿನ್ನು. ತನಗೆ ಎಂಟು ಪಿನ್ನಿನದೇ ದೊರೆತಿದೆಯೆಂದು ಕಾರ್ಡು ತಿಳಿಯುವುದು ಈ ಸೂಚನೆಯಿಂದ. ಅಂದರೆ ಇಮ್ಮಡಿಯಾದುದು ತಂತಿಗಳಲ್ಲ, ಹಿಂದಿರುವ ಎಸ್.ಎಂ.ಪಿ.ಎಸ್. ಅಷ್ಟನ್ನು ಕೊಡಬಲ್ಲದೆಂಬ ಭರವಸೆ. 150 ವಾಟಿಗೆ 12.5 ಆಂಪಿಯರ್, ಮೂರು ತಂತಿಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 4.2. ಆ ಪಿನ್ನುಗಳು ತಾಳಬಲ್ಲ ಪ್ರವಾಹ ಇದಕ್ಕಿಂತ ಎಷ್ಟೋ ಹೆಚ್ಚಿನದು. ಈ ಔದಾರ್ಯವೇ ಅನೇಕ ಯಂತ್ರಗಳನ್ನು ಕಾಪಾಡಿತೆಂದು ನಮ್ಮ ಅಭಿಪ್ರಾಯ.

ಏಕೆಂದರೆ ಭರವಸೆಯನ್ನು ಸುಳ್ಳಾಗಿಸುವುದು ಬಲು ಸುಲಭ. ಮೊಲೆಕ್ಸನ್ನು ಆರು ಪಿನ್ನಿಗೂ, ಆರನ್ನು ಎಂಟಕ್ಕೂ ತಿರುಗಿಸುವ ಅಡಾಪ್ಟರುಗಳು ಅಲ್ಪ ಬೆಲೆಗೆ ದೊರೆಯುತ್ತವೆ. ಅಡಾಪ್ಟರು ಸೂಚನೆಯ ಪಿನ್ನನ್ನು ನೆಲಕ್ಕೆ ಜೋಡಿಸಿಬಿಟ್ಟರೆ ಕಾರ್ಡು ಅದನ್ನು ನಂಬುತ್ತದೆ. ಹಿಂದಿರುವ ತಂತಿ ಸಣ್ಣದೋ, ಎಸ್.ಎಂ.ಪಿ.ಎಸ್. ಹಳೆಯದೋ ಅದಕ್ಕೆ ತಿಳಿಯುವ ಮಾರ್ಗವಿಲ್ಲ. ಹಳೆಯ ಪೆಟ್ಟಿಗೆಗಳ ಮೇಲೆ ಬರೆದ ಒಟ್ಟು ವಾಟಿನಲ್ಲಿ ದೊಡ್ಡ ಪಾಲು 5 ಮತ್ತು 3.3 ವೋಲ್ಟಿನದಾಗಿರುತ್ತಿದ್ದಿತು. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದುದು 12 ವೋಲ್ಟಿನದು. ಹೀಗಾಗಿ ಚೀಟಿಯ ಮೇಲಿನ ದೊಡ್ಡ ಅಂಕೆಯನ್ನು ನಂಬಿ ಹೊಸ ಕಾರ್ಡನ್ನು ಕೊಂಡವನು ಮೋಸಹೋಗುವ ಸಂಭವವಿದ್ದಿತು. 2016ರಲ್ಲಿ ರೇಡಿಯಾನ್ ಆರ್‌ಎಕ್ಸ್ 480 ಸ್ಲಾಟಿನಿಂದಲೇ ಮಿತಿಮೀರಿ ವಿದ್ಯುತ್ತನ್ನು ಎಳೆಯುವುದು ಬೆಳಕಿಗೆ ಬಂದು, ಎ.ಎಂ.ಡಿ. ಸಂಸ್ಥೆ ತಂತ್ರಾಂಶದ ಮೂಲಕ ಅದನ್ನು ಸರಿಪಡಿಸಬೇಕಾಯಿತು.

2022ರಲ್ಲಿ ಬಳಕೆಗೆ ಬಂದ '12ವಿಎಚ್‌ಪಿಡಬ್ಲ್ಯುಆರ್' ಎಂಬ ಕನೆಕ್ಟರಿನೊಡನೆ ಔದಾರ್ಯದ ಕಾಲ ಮುಗಿಯಿತೆನ್ನಬಹುದು. ಹಿಂದಿನದಕ್ಕಿಂತ ಕಿರಿದಾದ ಅದರ ಪಿನ್ನುಗಳಲ್ಲಿ ವಿದ್ಯುತ್ತನ್ನು ತರುವವು ಆರು, ಹಿಂದಿರುಗಿಸುವವು ಆರು. ಸೂಚನೆಗೆಂದು ಪುಟ್ಟ ಪಿನ್ನುಗಳು ನಾಲ್ಕು. ಮಿತಿ 600 ವಾಟ್, ಅಂದರೆ 50 ಆಂಪಿಯರ್. ಒಂದು ಪಿನ್ನಿನ ಪಾಲಿಗೆ 8.3, ಅದು ತಾಳಬಲ್ಲುದಾದರೋ 9ರಿಂದ 10ರ ನಡುವೆ ಮಾತ್ರ. ಆರರಲ್ಲಿ ಎರಡು ಪಿನ್ನುಗಳು ಸರಿಯಾಗಿ ತಾಗದೆ ಹೋದರೆ ಉಳಿದ ನಾಲ್ಕರ ಮೇಲೆ 12.5 ಆಂಪಿಯರ್ ಬೀಳುತ್ತದೆ. ಶಾಖವು ಪ್ರವಾಹದ ವರ್ಗಕ್ಕನುಗುಣವಾಗಿ ಏರುವುದರಿಂದ ಒಂದೊಂದು ಪಿನ್ನಿನಲ್ಲಿ ಹುಟ್ಟುವ ಶಾಖ ಎರಡೂಕಾಲು ಪಟ್ಟಾಗುತ್ತದೆ. ಆ ವರ್ಷದ ಅಕ್ಟೋಬರಿನಲ್ಲಿ ಹೊರಬಂದ 450 ವಾಟಿನ ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಕೆಲವುಗಳ ಕನೆಕ್ಟರು ಕರಗಿದ ಸುದ್ದಿ ಬೇಗನೆ ಹರಡಿತು. ಲೋಕದಲ್ಲೆಲ್ಲ ಸುಮಾರು 50 ಪ್ರಕರಣಗಳು ತನ್ನ ಗಮನಕ್ಕೆ ಬಂದಿವೆಯೆಂದೂ, ಕನೆಕ್ಟರನ್ನು ಪೂರ್ತಿಯಾಗಿ ಒಳಕ್ಕೆ ತಳ್ಳದಿದ್ದುದು ಸಾಮಾನ್ಯವಾಗಿ ಕಂಡ ದೋಷವೆಂದೂ ಎನ್ವಿಡಿಯಾ ಸಂಸ್ಥೆ ನವೆಂಬರಿನಲ್ಲಿ ಹೇಳಿತು. ಈ ವಿವರಣೆ ಸುಳ್ಳಲ್ಲ. ಆದರೆ ಕೂರಿಸುವವನ ಬೆರಳಿನ ಅಲ್ಪ ತಪ್ಪನ್ನು ಸಹಿಸದ ವಿನ್ಯಾಸದ ಹೊಣೆಯನ್ನು ಬೆರಳಿನ ಮೇಲೆಯೇ ಹೊರಿಸುವುದು ನ್ಯಾಯವಾಗಿ ತೋರುವುದಿಲ್ಲ.

2023ರ ಪರಿಷ್ಕರಣದಲ್ಲಿ ಸೂಚನೆಯ ಪಿನ್ನುಗಳನ್ನು ಗಿಡ್ಡಗೊಳಿಸಿ, ವಿದ್ಯುತ್ತಿನ ಪಿನ್ನುಗಳನ್ನು ತುಸು ಉದ್ದವಾಗಿಸಲಾಯಿತು. ಅರೆಬರೆ ಕೂತ ಕನೆಕ್ಟರಿನಿಂದ ಕಾರ್ಡು ಪೂರ್ಣ ಪ್ರವಾಹವನ್ನು ಎಳೆಯದಿರಲೆಂಬುದೇ ಇದರ ಉದ್ದೇಶ. 2025ರ ಜನವರಿಯಲ್ಲಿ ಹೊರಬಂದ ಆರ್‌ಟಿಎಕ್ಸ್ 5090 ಇಂತಹ ಒಂದೇ ಕನೆಕ್ಟರನ್ನು ನೆಚ್ಚಿ 575 ವಾಟಿನವರೆಗೆ ಬೇಡುತ್ತದೆ. ಸಮನಾಗಿ ಹಂಚಿದರೆ ಪಿನ್ನೊಂದಕ್ಕೆ ಸುಮಾರು 8 ಆಂಪಿಯರ್. ಹಂಚಿಕೆ ಸಮನಾಗಿದೆಯೆ ಎಂಬುದನ್ನು ಆ ಸೂಚನೆಯ ಪಿನ್ನುಗಳು ಅಳೆಯುವುದಿಲ್ಲ.