ಎರಡು ತಲೆಯ ಹಕ್ಕಿ ಯಾರದು?

ಕರ್ನಾಟಕ ಸರ್ಕಾರದ ಆದೇಶಗಳ ನೆತ್ತಿಯ ಮೇಲೆ, ವಿಧಾನಸೌಧದ ಕಾಗದಪತ್ರಗಳಲ್ಲಿ, ಹಳ್ಳಿಯ ಕೆಂಪು ಬಸ್ಸಿನ ಮೈಮೇಲೆ ಕೂಡ ಗಂಡಭೇರುಂಡ ಕಾಣುತ್ತದೆ. ರಾಜ್ಯದ ಲಾಂಛನದಲ್ಲಿ ಅದು ಗುರಾಣಿಯ ನಡುವೆ ನಿಂತಿದೆ. ಎಡಬಲಕ್ಕೆ ಆನೆಯ ಮುಖ, ಸಿಂಹದ ಮೈ ಹೊತ್ತ ಪ್ರಾಣಿಗಳು. ಮೇಲೆ ಅಶೋಕ ಸ್ತಂಭದ ಸಿಂಹಗಳು. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದ್, ಮದ್ರಾಸ್ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆಗಳೂ ಕೊಡಗೂ ಮೈಸೂರಿನೊಡನೆ ಒಂದಾದಾಗ ಹೊಸ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಉಳಿಯಿತು. ಏಕೀಕರಣಕ್ಕಾಗಿ ಹೆಚ್ಚು ಹೋರಾಡಿದ ಉತ್ತರದ ಜಿಲ್ಲೆಗಳಿಗೆ ಅದು ನೋವಿನ ಸಂಗತಿಯಾಗಿತ್ತು. ಹದಿನೇಳು ವರ್ಷ ಕಾದ ಮೇಲೆ, 1973ರಲ್ಲಿ, ದೇವರಾಜ ಅರಸು ಅವರ ಕಾಲಕ್ಕೆ ಆ ಹೆಸರು ಕರ್ನಾಟಕವಾಯಿತು. ಲಾಂಛನ ಮಾತ್ರ ಮೈಸೂರು ಅರಮನೆಯಿಂದ ಬಂದದ್ದೇ ಉಳಿಯಿತು. ಹಾಗಾದರೆ ಈ ಹಕ್ಕಿ ಒಡೆಯರ ಮನೆತನದ ಗುರುತಲ್ಲವೇ, ಇಡೀ ನಾಡು ಅದನ್ನು ಏಕೆ ಹೊರಬೇಕು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೆ ನ್ಯಾಯವಾದ ಬುಡವಿದೆ. ಆದರೂ ಹೆಸರು ಬದಲಾಗಲೇಬೇಕಿತ್ತು, ಹಕ್ಕಿ ಬದಲಾಗಬೇಕಿರಲಿಲ್ಲ ಎಂಬುದು ನನ್ನ ವಾದ.

ಅದಕ್ಕೆ ಮೊದಲ ಸಾಕ್ಷಿ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಇಂದಿಗೂ ನಿಂತಿದೆ. ಸುಮಾರು ಮೂವತ್ತು ಅಡಿ ಎತ್ತರದ ಕಲ್ಲುಕಂಬ. ಅದರ ತುದಿಯಲ್ಲಿ ಮನುಷ್ಯನ ಮೈ, ಹಕ್ಕಿಯ ಎರಡು ತಲೆಗಳಿರುವ ಭೇರುಂಡ. 1047ರಲ್ಲಿ ಇದನ್ನು ನಿಲ್ಲಿಸಿದವನು ಬನವಾಸಿ ಹನ್ನೆರಡು ಸಾಸಿರ ಎಂಬ ಸೀಮೆಯನ್ನು ಆಳುತ್ತಿದ್ದ ಚಾವುಂಡರಾಯ. ಅವನು ಯಾರ ಕೈಕೆಳಗಿನ ಮಹಾಮಂಡಲೇಶ್ವರನಾಗಿದ್ದ ಎಂಬುದನ್ನು ಇಲ್ಲಿ ಮರೆಯಬಾರದು. ಅವನ ಒಡೆಯ ಚಾಲುಕ್ಯ ಒಂದನೆಯ ಸೋಮೇಶ್ವರ, ರಾಜಧಾನಿ ಕಲ್ಯಾಣ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಮೈಸೂರು ಅರಸುಮನೆತನ ತಲೆ ಎತ್ತಲು ಆಗಿನ್ನೂ ಮೂರು ಶತಮಾನಗಳಿಗೂ ಹೆಚ್ಚು ಕಾಲ ಬಾಕಿಯಿತ್ತು. ಬಳ್ಳಿಗಾವೆಯೂ ಆಗ ಮೂಲೆಯ ಹಳ್ಳಿಯಾಗಿರಲಿಲ್ಲ. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳು ಒಂದೇ ಊರಿನಲ್ಲಿದ್ದ, ಕೋಡಿಯ ಮಠದಂಥ ವಿದ್ಯಾಕೇಂದ್ರ ಬೆಳೆದ ಪಟ್ಟಣ ಅದು. ಆ ಸೀಮೆಯ ಶಾಸನಗಳಲ್ಲಿ ಹೊಲ ಅಳೆಯುವ ಭೇರುಂಡ ಗಳೆಯ ಮಾತು ಬರುತ್ತದೆ. ಒಂದು ಗುರುತು ದೊರೆಯ ಬಾವುಟದಿಂದ ಇಳಿದು ರೈತನ ಹೊಲದ ಅಳತೆಗೆ ಹೆಸರಾಗುವುದು ಸಣ್ಣ ಮಾತಲ್ಲ. ಅರಮನೆಯವರಷ್ಟೇ ಬಲ್ಲ ಚಿಹ್ನೆಗೆ ಆ ಭಾಗ್ಯ ಒದಗುವುದಿಲ್ಲ.

ಬೇಲೂರಿನ ಶಿಲ್ಪಿಗಳು ಇದೇ ಹಕ್ಕಿಯನ್ನು ಬೇರೆ ಬಗೆಯಲ್ಲಿ ಕಂಡರು. ಚೆನ್ನಕೇಶವ ದೇವಾಲಯದಲ್ಲಿ ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿರುವ ಸಾಲು ಇದೆ. ಪಕ್ಕದಲ್ಲಿ ಬೆರಗಾಗಿ ನೋಡುವ ಒಬ್ಬ ಋಷಿ. ಹದಿನಾರನೆಯ ಶತಮಾನದ ವಿಜಯನಗರದಲ್ಲಿ ಅಚ್ಯುತದೇವರಾಯ ತನ್ನ ಚಿನ್ನದ ನಾಣ್ಯದ ಮೇಲೆ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಎತ್ತಿಹಿಡಿದ ಗಂಡಭೇರುಂಡವನ್ನು ಮುದ್ರಿಸಿದ. ಕೆಳದಿಯ ರಾಮೇಶ್ವರ ದೇವಾಲಯದ ಚಾವಣಿಯಲ್ಲಿಯೂ ಅದು ರೆಕ್ಕೆ ಬಿಚ್ಚಿದೆ. ಮೈಸೂರಿನ ಒಡೆಯರು ವಿಜಯನಗರದ ಸಾಮಂತರಾಗಿ ಬೆಳೆದವರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯ ಕೈಯಿಂದ ಪಡೆದರು. ಹೀಗೆ ನೋಡಿದರೆ ಮೈಸೂರು ಈ ಹಕ್ಕಿಯ ತವರಲ್ಲ, ಅದನ್ನು ಕೊನೆಯವರೆಗೆ ಕಾಪಾಡಿಕೊಂಡ ಮನೆ.

ಇದಕ್ಕೆ ಎದುರಾಗಿ ಒಂದು ಬಲವಾದ ಮಾತಿದೆ: ಬಳ್ಳಿಗಾವೆ, ಬೇಲೂರು, ಕೆಳದಿ ಮೂರೂ ಹಳೆಯ ಮೈಸೂರು ಸಂಸ್ಥಾನದ ಗಡಿಯೊಳಗಿನ ಊರುಗಳೇ, ಹಾಗಿರುವಾಗ ಇವನ್ನು ಇಡೀ ನಾಡಿನ ಸಾಕ್ಷಿ ಎನ್ನುವುದು ಹೇಗೆ? ನಕಾಶೆಯ ಮಟ್ಟಿಗೆ ಇದು ನಿಜ. ಆದರೆ ಆ ಗಡಿ ಬ್ರಿಟಿಷರ ಕಾಲದ್ದು. ಹನ್ನೊಂದನೆಯ ಶತಮಾನದ ಬಳ್ಳಿಗಾವೆಯ ನಂಟು ಉತ್ತರದ ಕಲ್ಯಾಣದೊಡನೆ, ಪಡುವಣ ಬನವಾಸಿಯೊಡನೆ. ಆ ಬನವಾಸಿ ಬ್ರಿಟಿಷರ ಕಾಲಕ್ಕೆ ಮುಂಬಯಿ ಪ್ರಾಂತಕ್ಕೆ ಸೇರಿ ಹೋಗಿತ್ತು, ಕಲ್ಯಾಣ ನಿಜಾಮನ ಕೈಯಲ್ಲಿತ್ತು. ಅಚ್ಯುತರಾಯ ಆಳಿದ ಹಂಪಿಯೂ ಬಳ್ಳಾರಿ ಸೀಮೆಯೊಡನೆ 1953ರವರೆಗೆ ಮದ್ರಾಸಿನಲ್ಲೇ ಇತ್ತು. ಯಾವ ಗಡಿಗಳನ್ನು ಅಳಿಸಲು ಏಕೀಕರಣದ ಹೋರಾಟ ನಡೆಯಿತೋ ಅದೇ ಗಡಿಗಳಿಂದ ಅವಕ್ಕೂ ಹಿಂದಿನ ಕಂಬವನ್ನು ಅಳೆಯುವುದು ಸರಿಯಲ್ಲ.

ಎರಡು ತಲೆಯ ಹಕ್ಕಿ ಕನ್ನಡದ್ದೇ ಅಲ್ಲ ಎನ್ನುವವರೂ ಇದ್ದಾರೆ. ಹಿಟ್ಟೈಟರ ಕಲ್ಲುಗಳಲ್ಲಿ ಅದಿದೆ, ತಕ್ಷಶಿಲೆಯ ಸಿರ್ಕಪ್‌ನಲ್ಲಿದೆ, ಬೈಜಾಂಟಿಯಂ ಕೂಡ ಅದನ್ನು ಬಳಸಿತು. ಇದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದಕ್ಕೆ ಮನುಷ್ಯನ ಮೈ ಕೊಟ್ಟು ಕಂಬದ ಮೇಲೆ ನಿಲ್ಲಿಸಿದ್ದು, ಕೊಕ್ಕಿಗೆ ಆನೆ ಕೊಟ್ಟು ನಾಣ್ಯಕ್ಕೆ ಇಳಿಸಿದ್ದು, ಶರಭವನ್ನೂ ಮಣಿಸುವ ಪ್ರಾಣಿಯಾಗಿ ಗುಡಿಯಲ್ಲಿ ಕಡೆದದ್ದು ಈ ನೆಲದ ಕೈಗಳು. ಗೆದ್ದವರ ಅಹಂಕಾರದ ಚಿತ್ರ ಇದು, ಪ್ರಜಾಪ್ರಭುತ್ವಕ್ಕೆ ಒಪ್ಪದು ಎಂಬ ಆಕ್ಷೇಪ ನನಗೆ ಇದಕ್ಕಿಂತ ಗಂಭೀರವಾಗಿ ಕಾಣುತ್ತದೆ. ಅಚ್ಯುತರಾಯನ ನಾಣ್ಯದ ಮಟ್ಟಿಗೆ ಆ ಮಾತು ಸಲ್ಲುತ್ತದೆ. ಆದರೆ ಇಂದಿನ ಲಾಂಛನದ ಹಕ್ಕಿಯ ಹಿಡಿತದಲ್ಲಿ ಆನೆಯಿಲ್ಲ. ಆನೆಯ ಮುಖ ಗುರಾಣಿಯನ್ನು ಎತ್ತಿಹಿಡಿದವರಲ್ಲಿದೆ, ಆನೆಯೇ ರಾಜ್ಯದ ಪ್ರಾಣಿಯೂ ಆಗಿದೆ. ಅರಮನೆಯ ಧ್ಯೇಯವಾಕ್ಯದ ಜಾಗಕ್ಕೆ ಗಣರಾಜ್ಯದ ಸತ್ಯಮೇವ ಜಯತೆ ಬಂದಿದೆ.

ಕರಾವಳಿ ಮತ್ತು ಕೊಡಗಿನ ಮಟ್ಟಿಗೆ ನನ್ನ ವಾದ ತೆಳುವಾಗಿದೆ ಎಂದು ಒಪ್ಪುತ್ತೇನೆ. ಕೆಳದಿಯ ನಾಯಕರು ಕರಾವಳಿಯನ್ನು ಆಳಿದರು, ಬೇಕಲದ ಕೋಟೆ ಅವರ ಕಾಲದ್ದು. ಕೊಡಗಿನ ಹಾಲೇರಿ ಅರಸರನ್ನು ಅದೇ ಮನೆತನದ ಕವಲು ಎಂದು ಎಣಿಸುತ್ತಾರೆ. ಆದರೆ ದೊರೆ ಒಬ್ಬನೇ ಆಗಿದ್ದ ಎಂದ ಮಾತ್ರಕ್ಕೆ ಚಿಹ್ನೆಯೂ ಜನರದಾಗಿತ್ತು ಎನ್ನಲಾಗದು. ಈ ಮಿತಿಯಿದ್ದರೂ ಹಕ್ಕಿಯ ಬೇರು ಮೈಸೂರಿಗಿಂತ ಹಳೆಯದು. ಹಾಗಾಗಿ ಶಾಲೆಯ ಪುಸ್ತಕಗಳು ಗಂಡಭೇರುಂಡದ ಕತೆಯನ್ನು ಮೈಸೂರು ಅರಮನೆಯಿಂದ ಆರಂಭಿಸದೆ ಬಳ್ಳಿಗಾವೆಯ ಕಂಬದಿಂದ, ಕಲ್ಯಾಣದ ಹೆಸರು ಹೇಳಿ ಆರಂಭಿಸಬೇಕು. ಬೀದರಿನ ಮಗುವಿಗೆ ತನ್ನ ಜಿಲ್ಲೆಯ ಪಾಲು ಅಲ್ಲಿ ಮೊದಲ ಸಾಲಿನಲ್ಲೇ ಸಿಗುತ್ತದೆ.