ವಿಡಿಯೊ ಗೇಮ್ ಆಟಗಾರರು ಮತ್ತು ಕ್ರೀಡಾಭಿಮಾನಿಗಳ ಸಾಂಸ್ಕೃತಿಕ ಅಂತರ

ವಿಡಿಯೊ ಗೇಮ್ ಆಟಗಾರರು ಮತ್ತು ಕ್ರೀಡಾಭಿಮಾನಿಗಳ ಸಾಂಸ್ಕೃತಿಕ ಅಂತರ ಎಂಬುದು ಪರದೆಯ ಮೇಲೆ ಆಡುವವರಿಗೂ ಮೈದಾನದ ಕ್ರೀಡೆಗಳನ್ನು ಮೆಚ್ಚುವವರಿಗೂ ನಡುವೆ ಆಟ, ಶ್ರಮ ಮತ್ತು ಗೌರವಗಳ ಕುರಿತು ಇರುವ ಅಭಿಪ್ರಾಯಭೇದವಾಗಿದೆ. ಕನ್ನಡದಲ್ಲಿ 'ಆಟ' ಎಂಬ ಪದವು ಎರಡಕ್ಕೂ ಸಲ್ಲುತ್ತದೆ. ಆದರೆ 'ಕ್ರೀಡೆ' ಎಂಬುದು ಮನ್ನಣೆಯನ್ನೂ 'ಜೂಜು' ಎಂಬುದು ನಿಂದೆಯನ್ನೂ ಸೂಚಿಸುತ್ತದೆ. ಕರ್ನಾಟಕದಲ್ಲಿ ವಿಡಿಯೊ ಗೇಮ್ ಈ ಎರಡರಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದೇ ಚರ್ಚೆಯ ಮುಖ್ಯ ವಿಷಯವಾಗಿದೆ.

ಹಿನ್ನೆಲೆ

ರಾಜ್ಯದಲ್ಲಿ ಕ್ರೀಡೆಗೆ ದೀರ್ಘಕಾಲದ ಸಾಮಾಜಿಕ ಹಾಗೂ ಸರ್ಕಾರಿ ಬೆಂಬಲವಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಕ್ರೀಡಾ ನಿಲಯಗಳನ್ನು ನಡೆಸುತ್ತದೆ. ಸಾಧಕರಿಗೆ ಏಕಲವ್ಯ ಪ್ರಶಸ್ತಿಯನ್ನೂ ಕಂಬಳದಂತಹ ಗ್ರಾಮೀಣ ಕ್ರೀಡೆಗಳ ಸಾಧಕರಿಗೆ ಕರ್ನಾಟಕ ಕ್ರೀಡಾ ರತ್ನ ಪ್ರಶಸ್ತಿಯನ್ನೂ ನೀಡಲಾಗುತ್ತದೆ. ವಿಡಿಯೊ ಗೇಮ್ ಕ್ಷೇತ್ರಕ್ಕೆ ದೊರೆತ ಬೆಂಬಲವು ಉದ್ಯಮದ ರೂಪದಲ್ಲಿದೆ. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಕರ್ನಾಟಕವು 2012ರಲ್ಲಿಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಹೀಗಾಗಿ ಗೇಮ್ ತಯಾರಿಸುವುದು ಗೌರವದ ವೃತ್ತಿಯಾಗಿ ಕಂಡರೂ, ಅದನ್ನು ಆಡುವುದು ಅನೇಕ ಮನೆಗಳಲ್ಲಿ ಕಾಲಹರಣವಾಗಿಯೇ ಉಳಿದಿದೆ.

ಭಿನ್ನಾಭಿಪ್ರಾಯದ ಅಂಶಗಳು

ದೈಹಿಕ ಶ್ರಮವಿಲ್ಲದ ಸ್ಪರ್ಧೆಯು ಕ್ರೀಡೆಯಾಗದು ಎಂಬುದು ಕ್ರೀಡಾಭಿಮಾನಿಗಳಲ್ಲಿ ಹಲವರ ವಾದ. ಚದುರಂಗವನ್ನು ಕ್ರೀಡೆಯೆಂದು ಒಪ್ಪಿರುವಾಗ ಏಕಾಗ್ರತೆ, ಕೈಚಳಕ ಮತ್ತು ತಂಡದ ಹೊಂದಾಣಿಕೆಯನ್ನು ಬೇಡುವ ಗೇಮ್‌ಗಳನ್ನು ಹೊರಗಿಡುವುದು ಸರಿಯಲ್ಲ ಎಂದು ಆಟಗಾರರು ಉತ್ತರಿಸುತ್ತಾರೆ.

ಒಡೆತನವು ಮತ್ತೊಂದು ವ್ಯತ್ಯಾಸ. ಕಬಡ್ಡಿ ಅಥವಾ ಫುಟ್‌ಬಾಲ್ ಯಾವುದೇ ಕಂಪನಿಯ ಸ್ವತ್ತಲ್ಲ. ವಿಡಿಯೊ ಗೇಮ್ ಅದರ ಪ್ರಕಾಶಕರ ಸ್ವತ್ತು. ಭಾರತದಲ್ಲಿ ಪಬ್‌ಜಿ ಮೊಬೈಲ್ ಅನ್ನು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಲಾಯಿತು. ಅದರ ಸ್ಥಾನದಲ್ಲಿ 2021ರಲ್ಲಿ ಬಂದ ಬಿಜಿಎಂಐ 2022ರ ಜುಲೈನಲ್ಲಿ ಸ್ಥಗಿತಗೊಂಡು, 2023ರ ಮೇ ತಿಂಗಳಲ್ಲಿ ಮರಳಿತು. ಈ ಅವಧಿಯಲ್ಲಿ ಅದನ್ನೇ ನೆಚ್ಚಿಕೊಂಡಿದ್ದ ಸ್ಪರ್ಧಿಗಳು ತಮ್ಮ ಸ್ಪರ್ಧಾಕಣವನ್ನೇ ಕಳೆದುಕೊಂಡರು.

ಕಾನೂನು

ಕರ್ನಾಟಕ ಪೊಲೀಸ್ (ತಿದ್ದುಪಡಿ) ಅಧಿನಿಯಮವು 2021ರ ಅಕ್ಟೋಬರ್ 5ರಂದು ಜಾರಿಗೆ ಬಂದು, ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟಗಳನ್ನೂ ಜೂಜಿನೊಂದಿಗೆ ಸೇರಿಸಿದ ಇದರ ಸಂಬಂಧಿತ ವಿಧಿಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಗೊಳಿಸಿತು.

ನಿಷೇಧದ ಪರಿಣಾಮವು ಕ್ರೀಡಾಭಿಮಾನಿಗಳನ್ನೂ ತಟ್ಟಿತು. ಕ್ರಿಕೆಟ್ ಪಂದ್ಯಗಳನ್ನು ಆಧರಿಸಿದ ಡ್ರೀಮ್11 ಆಗ ರಾಜ್ಯದಲ್ಲಿ ತನ್ನ ಸೇವೆಯನ್ನು ನಿಲ್ಲಿಸಿತ್ತು. ಇದೇ ಸಂಸ್ಥೆ 2020ರ ಐಪಿಎಲ್‌ನ ಶೀರ್ಷಿಕೆ ಪ್ರಾಯೋಜಕನಾಗಿತ್ತು.

ಮಾನ್ಯತೆ

2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗಳು ಪ್ರದರ್ಶನ ಸ್ಪರ್ಧೆಯಾಗಿದ್ದವು. ಅಲ್ಲಿ ಭಾರತದ ತೀರ್ಥ್ ಮೆಹ್ತಾ ಕಂಚು ಗೆದ್ದರು. 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಅವು ಅಧಿಕೃತ ಪದಕ ಸ್ಪರ್ಧೆಗಳಾದವು. ಭಾರತ ಸರ್ಕಾರವು 2022ರ ಡಿಸೆಂಬರ್‌ನಲ್ಲಿ ಇ-ಕ್ರೀಡೆಯನ್ನು ಕೇಂದ್ರ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಅಧಿನಿಯಮವು ಇ-ಕ್ರೀಡೆ, ಸಾಮಾಜಿಕ ಆಟ ಹಾಗೂ ಹಣದ ಆಟಗಳನ್ನು ಪ್ರತ್ಯೇಕಿಸಿ, ಕೊನೆಯದನ್ನು ನಿಷೇಧಿಸುತ್ತದೆ. ಇದರಿಂದ ಕಾನೂನಿನ ಗೆರೆಯು ಪರದೆ ಮತ್ತು ಮೈದಾನಗಳ ನಡುವೆ ಅಲ್ಲದೆ, ಸ್ಪರ್ಧೆ ಮತ್ತು ಹಣದ ಪಣದ ನಡುವೆ ಬಿದ್ದಿದೆ.