ಪುರಾತನ ಮೋಟಾರು ಕಾರುಗಳು: ಸಂರಕ್ಷಣೆ ಮತ್ತು ನೋಂದಣಿ

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿಯೂ, ಶ್ರೀರಂಗಪಟ್ಟಣದ ಸಮೀಪ 2023ರಲ್ಲಿ ಪ್ರಾರಂಭವಾದ ‘ಪಯಣ’ ಸಂಗ್ರಹಾಲಯದಲ್ಲಿಯೂ ಹಳೆಯ ಕಾಲದ ಐಷಾರಾಮಿ ಕಾರುಗಳನ್ನು ಸಾರ್ವಜನಿಕರು ನೋಡಬಹುದಾಗಿದೆ. ಧಾರವಾಡ ಜಿಲ್ಲೆಯ ಗ್ರಾಮಾಂತರ ಪ್ರದೇಶದಲ್ಲಿ ಇಂತಹ ವಾಹನಗಳು ವಾಡೆಗಳ ಹಿತ್ತಿಲಿನಲ್ಲಿ ಇಲ್ಲವೇ ಹಳೆಯ ಗೋದಾಮುಗಳಲ್ಲಿ ಉಳಿದಿದ್ದಲ್ಲಿ, ಅವುಗಳನ್ನು ಗುಜರಿಗೆ ಹಾಕುವ ಮುನ್ನ ವಾರಸುದಾರರು ಈ ಕೆಳಕಂಡ ವಿಷಯಗಳನ್ನು ಗಮನಿಸತಕ್ಕದ್ದು.

ಕೇಂದ್ರ ಸರ್ಕಾರವು ಜುಲೈ 2021ರಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ಮೀರಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ವಾಹನಗಳೆಂದು ನೋಂದಾಯಿಸಲು ಅವಕಾಶ ಕಲ್ಪಿಸಿದೆ. ವಾಹನವು ರಾಜಮನೆತನದ್ದೇ ಆಗಿರಬೇಕೆಂದಿಲ್ಲ. ಅಣ್ಣಿಗೇರಿಯ ವರ್ತಕರ ಮನೆಯ ಲ್ಯಾಂಡ್‌ಮಾಸ್ಟರ್ ಕಾರಿಗೂ ಈ ನಿಯಮವೇ ಅನ್ವಯಿಸುತ್ತದೆ. ಆದರೆ ವಾಹನವು ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಇಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹಳೆಯ ಇಂಜಿನ್ ಕೆಟ್ಟಿತೆಂದು ಡೀಸೆಲ್ ಇಂಜಿನ್ ಕೂರಿಸಿದ ಕಾರು ಈ ಅರ್ಹತೆಯನ್ನು ಕಳೆದುಕೊಳ್ಳುವ ಸಂಭವವಿರುತ್ತದೆ. ಆದುದರಿಂದ ದುರಸ್ತಿಗೆ ಮುನ್ನವೇ ವಿಚಾರಿಸುವುದು ಲೇಸು.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ರೋಲ್ಸ್-ರಾಯ್ಸ್, ಬೆಂಟ್ಲಿ ಮುಂತಾದ ಕಾರುಗಳಲ್ಲಿ ಕಂಪನಿಯು ಚಾಸಿ ಮತ್ತು ಇಂಜಿನ್‌ಗಳನ್ನು ಮಾತ್ರ ಒದಗಿಸುತ್ತಿತ್ತು. ಬಾಡಿಯನ್ನು ಗ್ರಾಹಕರ ಇಚ್ಛೆಯಂತೆ ಬೇರೆ ಕಾರ್ಖಾನೆಗಳು ಕಟ್ಟುತ್ತಿದ್ದವು. ಕಟ್ಟಿಗೆಯ ಚೌಕಟ್ಟಿನ ಮೇಲೆ ಲೋಹದ ತಗಡು ಹೊದಿಸುವುದು ವಾಡಿಕೆಯಾಗಿತ್ತು. ಇಂತಹ ಕಾರುಗಳಲ್ಲಿ ತಗಡಿಗಿಂತ ಮೊದಲು ಒಳಗಿನ ಕಟ್ಟಿಗೆ ಹಾಳಾಗಬಹುದು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಮಳೆಗಾಲದ ತೇವದಲ್ಲಿ ಇದರ ಬಗ್ಗೆ ವಿಶೇಷ ಎಚ್ಚರ ಅವಶ್ಯ. ಚಾಸಿ ಹಾಗೂ ಇಂಜಿನ್ ಸಂಖ್ಯೆಗಳ ತಗಡುಗಳನ್ನು ಯಾವ ಕಾರಣಕ್ಕೂ ಕಿತ್ತು ಹಾಕಬಾರದು.

ದಾಖಲೆಗಳ ವಿಷಯದಲ್ಲಿ ಈ ಭಾಗದ ಅರ್ಜಿದಾರರಿಗೆ ಒಂದು ವಿಶೇಷ ತೊಡಕು ಎದುರಾಗಬಹುದು. 1956ರ ನವೆಂಬರ್ 1ಕ್ಕೆ ಮುಂಚೆ ಧಾರವಾಡ ಜಿಲ್ಲೆಯು ಮುಂಬಯಿ ರಾಜ್ಯಕ್ಕೆ ಸೇರಿತ್ತು. ಕುಂದಗೋಳವಂತೂ 1948ರವರೆಗೆ ಜಮಖಂಡಿ ಸಂಸ್ಥಾನದ ಆಡಳಿತದಲ್ಲಿತ್ತು. ಆದಕಾರಣ ಹಳೆಯ ಕಾಗದಪತ್ರಗಳಲ್ಲಿ ಬೇರೆ ಆಡಳಿತದ ಮೊಹರು ಇದ್ದಲ್ಲಿ ಅವುಗಳನ್ನು ನಿರುಪಯುಕ್ತವೆಂದು ಭಾವಿಸಿ ಎಸೆಯಬಾರದು. ಮಾಲೀಕರು ಮೃತರಾಗಿದ್ದಲ್ಲಿ ವಾರಸುದಾರರು ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ ಮಾಲೀಕತ್ವವನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕಾಗುತ್ತದೆ.

ವಿಂಟೇಜ್ ನೋಂದಣಿಗೆ ನಮೂನೆ 20ರಲ್ಲಿ ಪರಿವಾಹನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸತಕ್ಕದ್ದು. ವಿಮಾ ಪಾಲಿಸಿ, ಈಗಾಗಲೇ ನೋಂದಣಿಯಾಗಿದ್ದಲ್ಲಿ ಹಳೆಯ ನೋಂದಣಿ ಪತ್ರ ಮತ್ತು ಆಮದು ವಾಹನವಾಗಿದ್ದಲ್ಲಿ ಸುಂಕದ ದಾಖಲೆಯನ್ನು ಲಗತ್ತಿಸಬೇಕು. ಸಮಿತಿಯು ವಾಹನವನ್ನು ಪರಿಶೀಲಿಸಿದ ನಂತರ 60 ದಿನಗಳೊಳಗೆ ನಮೂನೆ 23-ಎ ರಲ್ಲಿ ಪ್ರಮಾಣಪತ್ರ ನೀಡಬೇಕೆಂದು ನಿಯಮವಿದೆ. ಹೊಸ ನೋಂದಣಿಗೆ ರೂ. 20,000, ಮರುನೋಂದಣಿಗೆ ರೂ. 5,000 ಶುಲ್ಕ ನಿಗದಿಯಾಗಿದ್ದು, ಅವಧಿ 10 ವರ್ಷಗಳು. ಹೊಸ ಸಂಖ್ಯೆಯಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳಿರುತ್ತವೆ. ಮೊದಲೇ ನೋಂದಣಿಯಾದ ವಾಹನಗಳು ತಮ್ಮ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು.

ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಇಂಧನ ತುಂಬಿಸುವಿಕೆ ಹಾಗೂ ನಿರ್ವಹಣೆಯ ಸಲುವಾಗಿ ಮಾತ್ರ ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕಾಗಲಿ, ಮದುವೆ ಮೆರವಣಿಗೆಗೆ ಬಾಡಿಗೆಗಾಗಲಿ ಬಳಸುವಂತಿಲ್ಲ. ಮಾರಾಟ ಮಾಡಿದಲ್ಲಿ, ಕೊಟ್ಟವರು ಮತ್ತು ಕೊಂಡವರು ಇಬ್ಬರೂ 90 ದಿನಗಳೊಳಗೆ ತಮ್ಮ ತಮ್ಮ ರಾಜ್ಯದ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು.